ತಟ್ಟಿದರೆ ಬಿಡಬೇಕು

ನಾನು ಓದುವ ಕಾದಂಬರಿಗಳ ಮಾತು ತೆಗೆದರೆ ನನ್ನ ಸಾಹಿತ್ಯಾಸಕ್ತ ಗೆಳತಿಯರು ಮೂಗು ಮುರಿಯುತ್ತಾರೆ. ಆ ಕಾದಂಬರಿಗಳಲ್ಲಿ ನಾಯಕನ ಮೂಗು ಮೊದಲ ಅಧ್ಯಾಯಕ್ಕೂ ಮುಂಚೆಯೇ ಮುರಿದು, ತುಸು ಸೊಟ್ಟಗೆ ಕೂಡಿಕೊಂಡು, ಅದರಿಂದಲೇ ಅವನ ಚೆಲುವಿಗೆ ಇನ್ನಷ್ಟು ಕಳೆ ಬಂದಿರುತ್ತದೆಯಾದ್ದರಿಂದ ಗೆಳತಿಯರ ಶ್ರಮ ಅನವಶ್ಯಕವೆಂದು ನಾನು ಸುಮ್ಮನಾಗುತ್ತೇನೆ. ಮಿಶ್ರ ಸಮರಕಲೆಯ, ಎಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ, ಎಲ್ಲರೂ ಎಮ್‌ಎಮ್‌ಎ ಎಂದು ಕರೆಯುವ ಆಟದ ಪಟುವನ್ನು ನಾಯಕನನ್ನಾಗಿ ಮಾಡಿಕೊಂಡ ಪ್ರೇಮ ಕಾದಂಬರಿಗಳು ಅಮೆರಿಕದ ಜನಪ್ರಿಯ ಸಾಹಿತ್ಯದಲ್ಲಿ ಒಂದು ಪ್ರತ್ಯೇಕ ಕವಲಾಗಿಯೇ ಬೆಳೆದಿವೆ. ಮುಖಪುಟದಲ್ಲಿ ತಲೆಯಿಲ್ಲದ ಒಂದು ಎದೆ, ಬೆರಳುಗಳಿಗೆ ಸುತ್ತಿದ ಬಿಳಿಯ ಪಟ್ಟಿ, ಹಿಂದೆ ಕಬ್ಬಿಣದ ಬಲೆ. ಇಷ್ಟು ಕಂಡರೆ ಒಳಗೆ ಏನಿದೆಯೆಂದು ಕೇಳಬೇಕಾಗಿಲ್ಲ. ಕಳೆದ ಮೂರು ವರ್ಷಗಳಲ್ಲಿ ಇಂಥವುಗಳನ್ನು ನಾನು ನಲವತ್ತರ ಮೇಲೆ ಓದಿದ್ದೇನೆ, ಬಹುಪಾಲು ಮೆಟ್ರೋದಲ್ಲಿ, ಮುಖಪುಟ ಕಾಣಿಸದ ಕಿಂಡಲ್‌ನಲ್ಲಿ. ಅವುಗಳಲ್ಲಿ ಒಳ್ಳೆಯವು ಯಾವುವು, ಕೆಟ್ಟವು ಯಾವುವು, ಹಾಗೆ ನಾನು ವಿಂಗಡಿಸುವುದಕ್ಕೆ ಆಧಾರವೇನು ಎಂಬುದನ್ನು ಒಮ್ಮೆ ಬರೆದಿಡಬೇಕೆನಿಸಿದೆ.

ಈ ಓದಿನ ಜೊತೆಯಲ್ಲಿಯೇ ನಾನು ಮಾಡಿದ ಒಂದು ಹುಚ್ಚು ಸಾಹಸವನ್ನೂ ಹೇಳಬೇಕು. ನಲವತ್ತೊಂದನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ನಮ್ಮ ಮನೆಗೆ ಹತ್ತಿರದ ಒಂದು ತರಬೇತಿ ಕೇಂದ್ರದಲ್ಲಿ, ಎದುರಾಳಿಯನ್ನು ನೆಲದಲ್ಲಿ ಹಿಡಿದು ಪಟ್ಟು ಹಾಕುವ ಬ್ರೆಜಿಲಿಯನ್ ಜೂಜಿಟ್ಸುವಿನ ಆರಂಭಿಕ ತರಗತಿಗೆ ಸೇರಿಕೊಂಡು ಎರಡು ತಿಂಗಳು ಹೋಗಿ, ಮಂಡಿ ಕೈಕೊಟ್ಟಿದ್ದರಿಂದ ಬಿಟ್ಟುಬಂದೆ. ಮೊದಲ ದಿನ ಒದೆಯುವುದನ್ನಾಗಲಿ ಕೆಡವುವುದನ್ನಾಗಲಿ ಹೇಳಿಕೊಡುತ್ತಾರೆಂದು ನಾನು ಎಣಿಸಿದ್ದೆ. ನಮಗೆ ಹೇಳಿಕೊಟ್ಟದ್ದು ತಟ್ಟುವುದನ್ನು, ಎಂದರೆ ಸೋತೆ, ಬಿಡು ಎಂದು ಸೂಚಿಸುವುದನ್ನು. ಎದುರಿನವಳ ಮೈಯನ್ನೋ, ಅದು ಕೈಗೆ ಎಟುಕದಿದ್ದರೆ ನೆಲವನ್ನೋ ಅಂಗೈಯಿಂದ ಎರಡು ಮೂರು ಸಲ ಕೇಳಿಸುವಂತೆ ತಟ್ಟಬೇಕು. ಕೈಗಳೆರಡೂ ಸಿಕ್ಕಿಹಾಕಿಕೊಂಡಿದ್ದರೆ ಕಾಲಿನಿಂದ ತಟ್ಟಬೇಕು. ಅದೂ ಆಗದಿದ್ದರೆ ಬಾಯಲ್ಲಿ ಹೇಳಬೇಕು. ತಟ್ಟಿದ ಕ್ಷಣದಲ್ಲಿ ಎದುರಿನವಳು ಹಿಡಿತವನ್ನು ಬಿಡಬೇಕು, ಕಾರಣ ಕೇಳುವಂತಿಲ್ಲ, ಅರೆಕ್ಷಣ ತಡಮಾಡುವಂತಿಲ್ಲ. ಅಂದು ನನ್ನ ಜೋಡಿಯಾಗಿದ್ದವಳು ಕಾಲೇಜಿನ ಹುಡುಗಿ. ಅವಳ ಮುಂಗೈ ನನ್ನ ಕತ್ತಿನ ಎರಡು ಪಕ್ಕದ ರಕ್ತನಾಳಗಳ ಮೇಲೆ ಕೂತಾಗ ಉಸಿರು ನಿಲ್ಲಲಿಲ್ಲ, ಅದಕ್ಕೆ ಬದಲಾಗಿ ಟ್ಯೂಬ್‌ಲೈಟಿನ ಬೆಳಕು ಅಂಚಿನಿಂದ ಒಳಕ್ಕೆ ಕಿರಿದಾಗತೊಡಗಿತು. ನಾನು ತಟ್ಟಿದೆ. ಅವಳು ಬಿಟ್ಟಳು. ಬಿಟ್ಟು, ನೀರು ಬೇಕೇ ಆಂಟಿ ಎಂದು ಕೇಳಿದಳು.

ಅಲ್ಲಿಂದೀಚೆಗೆ ಈ ಕಾದಂಬರಿಗಳನ್ನು ನಾನು ಓದುವ ಬಗೆಯೇ ಬದಲಾಯಿತು. ಈ ಆಟವನ್ನು ಪ್ರೇಮಕಥೆಗೆ ಹತ್ತಿರ ತರುವುದು ಅದರ ಹಿಂಸೆಯಲ್ಲ, ಆ ಹಿಂಸೆಯ ನಡುವೆ ಇರುವ ಈ ಒಪ್ಪಂದ. ಇಬ್ಬರು ಒಬ್ಬರ ಮೈಯನ್ನು ಒಬ್ಬರ ಕೈಗೆ ಒಪ್ಪಿಸಿ, ಸಾಕು ಎಂದಾಗ ಮತ್ತೊಬ್ಬರು ಬಿಡುತ್ತಾರೆಂಬ ನಂಬಿಕೆಯ ಮೇಲೆ ನಿಂತಿರುವ ಆಟ ಅದು. ಇದನ್ನು ಅರಿತ ಲೇಖಕಿಯ ಕೈಯಲ್ಲಿ ಪ್ರಣಯದ ಪುಟಗಳು ತಾವಾಗಿಯೇ ಸರಿಯಾಗಿ ಬರುತ್ತವೆ, ಅರಿಯದವಳ ಕೈಯಲ್ಲಿ ಎಷ್ಟು ಮೇಣದಬತ್ತಿ ಹಚ್ಚಿದರೂ ಹೊಗೆಯಷ್ಟೇ ಉಳಿಯುತ್ತದೆ.

ಆಟದ ಚರಿತ್ರೆಯಲ್ಲಿಯೇ ಇದಕ್ಕೆ ಒಳ್ಳೆಯ ಕಥೆಗಳಿವೆ. 1993ರ ನವೆಂಬರ್ 12ರಂದು ಡೆನ್ವರ್ ನಗರದಲ್ಲಿ, ಈ ಆಟದ ಪಂದ್ಯಗಳನ್ನು ನಡೆಸುವ ಅಮೆರಿಕದ ಸಂಸ್ಥೆಯಾದ ಯುಎಫ್‌ಸಿಯ ಮೊತ್ತಮೊದಲ ಪಂದ್ಯಾವಳಿ ನಡೆದಾಗ ತೂಕದ ವರ್ಗಗಳಿರಲಿಲ್ಲ, ಅಂಕ ಕೊಡುವ ತೀರ್ಪುಗಾರರಿರಲಿಲ್ಲ. ಕಚ್ಚಬಾರದು, ಕಣ್ಣು ಕೀಳಬಾರದು ಎಂಬುದನ್ನು ಬಿಟ್ಟರೆ ನಿಯಮವೆನ್ನಬಹುದಾದದ್ದು ಹೆಚ್ಚೇನೂ ಇರಲಿಲ್ಲ. ಒಂದು ಕೈಗೆ ಮಾತ್ರ ಗ್ಲೌಸ್ ಹಾಕಿಕೊಂಡು ಬಂದ ಬಾಕ್ಸರ್ ಆರ್ಟ್ ಜಿಮ್ಮರ್‌ಸನ್, ಬ್ರೆಜಿಲಿನ ರಾಯ್ಸ್ ಗ್ರೇಸಿ ತನ್ನ ಎದೆಯ ಮೇಲೆ ಕೂತೊಡನೆ, ಯಾವ ಪಟ್ಟೂ ಬೀಳುವ ಮೊದಲೇ ತಟ್ಟಿಬಿಟ್ಟ. ಸೆಮಿಫೈನಲ್‌ನಲ್ಲಿ ಅದೇ ಗ್ರೇಸಿ ಕೆನ್ ಶಾಮ್‌ರಾಕ್‌ನ ಕತ್ತು ಹಿಡಿದಾಗ ಶಾಮ್‌ರಾಕ್ ತಟ್ಟಿದ್ದು ರೆಫರಿಗೆ ಕಾಣಲಿಲ್ಲ, ಗ್ರೇಸಿಗೆ ತಿಳಿಯಿತು. ಅವನು ಹಿಡಿತ ಬಿಟ್ಟ. ಪಂದ್ಯ ಮುಂದುವರಿಯಲಿ ಎಂದು ರೆಫರಿ ಸೂಚಿಸಿದಾಗ, ಇಲ್ಲ, ತಾನು ತಟ್ಟಿದ್ದು ನಿಜ ಎಂದು ಶಾಮ್‌ರಾಕ್ ತಾನೇ ಒಪ್ಪಿಕೊಂಡ. ಫೈನಲ್‌ನಲ್ಲಿ ಗೆರಾರ್ಡ್ ಗೋರ್ಡೋ ನಿಯಮ ಮುರಿದು ಗ್ರೇಸಿಯ ಕಿವಿ ಕಚ್ಚಿದ. ಆಮೇಲೆ ಅವನ ಕತ್ತು ಸಿಕ್ಕಾಗ ಗ್ರೇಸಿ, ಅವನು ತಟ್ಟಿದ ಮೇಲೂ ಒಂದಿಷ್ಟು ಹೊತ್ತು ಬಿಡಲಿಲ್ಲ. ಒಂದೇ ರಾತ್ರಿಯಲ್ಲಿ ನಂಬಿಕೆ, ಪ್ರಾಮಾಣಿಕತೆ, ಸೇಡು ಎಲ್ಲವೂ ಆಗಿಹೋದವು, ಎಲ್ಲವೂ ಅಂಗೈಯ ಒಂದು ತಟ್ಟಿನ ಸುತ್ತ. ಇಂಥ ಒಂದು ದೃಶ್ಯವನ್ನು ನಾನು ಓದಿದ ನಲವತ್ತು ಕಾದಂಬರಿಗಳಲ್ಲಿ ಎರಡೋ ಮೂರೋ ಮಾತ್ರ ಬಳಸಿಕೊಂಡಿವೆ. ಮಿಕ್ಕವುಗಳಲ್ಲಿ ನಾಯಕ ಗುದ್ದುತ್ತಾನೆ, ಎದುರಾಳಿ ಬೀಳುತ್ತಾನೆ, ಮುಗಿಯಿತು.

ಬಹಳಷ್ಟು ಓದುಗರನ್ನು ಈ ದಾರಿಗೆ ಎಳೆದದ್ದು ಜೇಮಿ ಮೆಗ್ವಾಯರ್ ಅವರ ‘ಬ್ಯೂಟಿಫುಲ್ ಡಿಸಾಸ್ಟರ್’. 2011ರಲ್ಲಿ ಲೇಖಕಿ ತಾವೇ ಪ್ರಕಟಿಸಿ, ಮರುವರ್ಷ ದೊಡ್ಡ ಪ್ರಕಾಶಕರ ಕೈಗೆ ಹೋಗಿ, 2023ರಲ್ಲಿ ಸಿನಿಮಾವೂ ಆದ ಪುಸ್ತಕ ಅದು. ಟ್ರಾವಿಸ್ ಮ್ಯಾಡಕ್ಸ್ ಎಂಬ ಕಾಲೇಜು ಹುಡುಗ ಕಟ್ಟಡಗಳ ನೆಲಮಾಳಿಗೆಗಳಲ್ಲಿ ಗುಟ್ಟಾಗಿ ನಡೆಯುವ ಕಾಳಗಗಳಲ್ಲಿ ಸೋಲರಿಯದವನು. ಆ್ಯಬಿ ಎಂಬ ಹುಡುಗಿ ಅಂಥ ಒಂದು ರಾತ್ರಿ ಜನರ ನಡುವೆ ನಿಂತಿದ್ದಾಗ ರಕ್ತದ ಹನಿಗಳು ಅವಳ ಬಟ್ಟೆಯ ಮೇಲೆ ಬೀಳುವುದರೊಂದಿಗೆ ಕಥೆ ಆರಂಭವಾಗುತ್ತದೆ. ಆರಂಭ ನಿಜಕ್ಕೂ ಚೆನ್ನಾಗಿದೆ. ನೆಲಮಾಳಿಗೆಯ ಉಸಿರುಗಟ್ಟಿಸುವ ಇಕ್ಕಟ್ಟು, ನೋಟು ಎಣಿಸುವ ಕೈಗಳು, ಹಿಂದಿನಿಂದ ತಳ್ಳುವ ಗುಂಪು ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಮುಂದಿನ ಕಾಳಗದಲ್ಲಿ ಒಂದೂ ಏಟು ತಿನ್ನದೆ ಅವನು ಗೆದ್ದರೆ ಅವಳು ಒಂದು ತಿಂಗಳು ಅವನ ಮನೆಯಲ್ಲಿರಬೇಕು, ಏಟು ತಿಂದರೆ ಅವನು ಒಂದು ತಿಂಗಳು ಹೆಣ್ಣುಗಳ ಸಹವಾಸ ಬಿಡಬೇಕು ಎಂಬ ಪಂಥ ಕಥೆಯನ್ನು ಮುಂದಕ್ಕೆ ತಳ್ಳುತ್ತದೆ. ಪಂಥಕ್ಕೆ ಹೆಣ್ಣನ್ನು ಒಡ್ಡುವುದು ನಮಗೆ ಮಹಾಭಾರತದ ಕಾಲದಿಂದ ಗೊತ್ತಿರುವ ಸಂಗತಿ. ಇಲ್ಲಿ ಅವಳು ತನ್ನನ್ನು ತಾನೇ ಒಡ್ಡಿಕೊಳ್ಳುತ್ತಾಳೆ ಎಂಬಷ್ಟೇ ವ್ಯತ್ಯಾಸ.

ನನ್ನ ತಕರಾರು ಆಮೇಲಿನದು. ಮೊದಲ ರಾತ್ರಿಯ ನಂತರ ಅವಳು ಹೇಳದೆ ಹೊರಟುಹೋದಳೆಂದು ಟ್ರಾವಿಸ್ ಮನೆಯ ಸಾಮಾನುಗಳನ್ನೆಲ್ಲ ಪುಡಿಗಟ್ಟುತ್ತಾನೆ. ಊಟದ ಹಾಲ್‌ನಲ್ಲಿ ಒಬ್ಬ ಒಂದು ಕೆಟ್ಟ ಮಾತಾಡಿದನೆಂದು ಅವನ ಮೇಲೆ ಬಿದ್ದು ಹೊಡೆಯುತ್ತಾನೆ. ಅವಳು ದೂರ ಸರಿಯುವುದು ಒಂದು ತಟ್ಟು, ಬಾಗಿಲು ಹಾಕಿಕೊಳ್ಳುವುದು ಇನ್ನೊಂದು, ಫೋನ್ ಎತ್ತದಿರುವುದು ಮತ್ತೊಂದು. ಯಾವುದೂ ಅವನಿಗೆ ಕೇಳಿಸುವುದಿಲ್ಲ, ಮತ್ತು ಕೇಳಿಸದಿರುವುದನ್ನೇ ಕಾದಂಬರಿ ಪ್ರೀತಿಯ ಆಳವೆಂದು ನಮ್ಮ ಮುಂದೆ ಇಡುತ್ತದೆ. ಇದಕ್ಕೂ ನೆಲಮಾಳಿಗೆಗೂ ಸಂಬಂಧವಿದೆ ಎಂದು ನನ್ನ ವಾದ. ರೆಫರಿಯಿಲ್ಲದ, ವೈದ್ಯನಿಲ್ಲದ, ಪರವಾನಗಿಯಿಲ್ಲದ ಕಾಳಗವನ್ನು ಲೇಖಕಿ ಆರಿಸಿಕೊಂಡಾಗ ಅದು ರೋಚಕತೆಗಾಗಿ ಮಾತ್ರವೆಂದು ಮೇಲುನೋಟಕ್ಕೆ ಅನಿಸುತ್ತದೆ. ಆದರೆ ನಿಲ್ಲಿಸುವವನಿಲ್ಲದ ಜಾಗದಲ್ಲಿ ಬೆಳೆದ ನಾಯಕ ಹೊರಗೂ ನಿಲ್ಲುವುದನ್ನು ಕಲಿತಿರುವುದಿಲ್ಲ. ಕೊನೆಯ ಕಾಳಗದಲ್ಲಿ ನೆಲಮಾಳಿಗೆಗೆ ಬೆಂಕಿ ಬಿದ್ದು ಅನೇಕ ವಿದ್ಯಾರ್ಥಿಗಳು ಸಾಯುತ್ತಾರೆ. ಹೊರಬರುವ ದಾರಿಗಳೇ ಸರಿಯಿಲ್ಲದ ಕಡೆ ಜನರನ್ನು ತುಂಬಿದ ಆಟದ ನಿಜವಾದ ಬೆಲೆ ಅದು. ಇಷ್ಟಾದ ಮೇಲೆ ಪ್ರೇಮಿಗಳಿಬ್ಬರೂ ಲಾಸ್ ವೇಗಸ್‌ಗೆ ಹೋಗಿ ಮದುವೆಯಾಗುತ್ತಾರೆ. ಸತ್ತವರ ಮನೆಗಳಲ್ಲಿ ಆ ವಾರ ಏನಾಯಿತೆಂದು ನಾನು ಎರಡು ದಿನ ಯೋಚಿಸಿದೆ, ಪುಸ್ತಕ ಯೋಚಿಸಿದಂತೆ ಕಾಣಲಿಲ್ಲ.

ಕೇಟಿ ಇವಾನ್ಸ್ ಅವರ ‘ರಿಯಲ್’ 2013ರದು, ಮತ್ತು ನಾನು ಎರಡು ಸಲ ಓದಿದ್ದು. ನೈತಿಕವಾಗಿ ಅದರ ಮೇಲೂ ನನಗೆ ಕೋಪವಿದೆ, ಆದರೆ ಅದನ್ನು ಕೆಳಗಿಡಲು ಆಗುವುದಿಲ್ಲ. ವೃತ್ತಿಪರ ಬಾಕ್ಸಿಂಗ್‌ನಿಂದ ಹೊರದೂಡಲ್ಪಟ್ಟು ಭೂಗತ ಕಾಳಗಗಳ ಸರಣಿಯಲ್ಲಿ ಊರೂರು ತಿರುಗುವ ರೆಮಿಂಗ್ಟನ್ ಟೇಟ್ ಇದರ ನಾಯಕ. ಸರಿಯಾಗಿ ಹೇಳುವುದಾದರೆ ಇದು ಎಮ್‌ಎಮ್‌ಎ ಅಲ್ಲ, ಆದರೂ ಓದುಗರು ಇದನ್ನು ಅದೇ ಕಪಾಟಿನಲ್ಲಿ ಇಟ್ಟಿದ್ದಾರೆ. ನಾಯಕಿ ಬ್ರೂಕ್ ಒಲಿಂಪಿಕ್ಸ್‌ನ ಕನಸು ಕಂಡಿದ್ದ ಓಟಗಾರ್ತಿ, ಮಂಡಿಯ ಗಾಯದಿಂದ ಆ ಕನಸು ಮುಗಿದ ಮೇಲೆ ಕ್ರೀಡಾಪಟುಗಳ ಮೈಯನ್ನು ಸರಿಪಡಿಸುವ ಕೆಲಸ ಕಲಿತವಳು. ಅವನ ತಂಡಕ್ಕೆ ಆ ಕೆಲಸಕ್ಕಾಗಿಯೇ ಸೇರುತ್ತಾಳೆ. ಈ ಪ್ರಕಾರದ ಬಹಳಷ್ಟು ನಾಯಕಿಯರಿಗೆ ನೋಡುವುದೊಂದೇ ಕೆಲಸ, ಇವಳಿಗೆ ಕೈತುಂಬ ಕೆಲಸವಿದೆ. ಅವನ ಭುಜದ ಗಂಟುಗಳನ್ನು ಹೆಬ್ಬೆರಳಿನಿಂದ ಹುಡುಕುವಾಗ ಅವಳಲ್ಲಿ ಆಸೆಯ ಜೊತೆ ಕಸುಬುಗಾರಿಕೆಯೂ ಇದೆ, ಮತ್ತು ಓಡಲಾಗದ ಓಟಗಾರ್ತಿಯ ಅಸೂಯೆಯೂ ಸ್ವಲ್ಪ ಇದೆ. ಮಾತಿನಲ್ಲಿ ಹೇಳಿಕೊಳ್ಳಲು ಬಾರದ ರೆಮಿಂಗ್ಟನ್ ಹಾಡುಗಳನ್ನು ಕೇಳಿಸಿ ತನ್ನ ಮನಸ್ಸನ್ನು ತಿಳಿಸುತ್ತಾನೆಂಬ ಉಪಾಯವೂ ನನಗೆ ಹಿಡಿಸಿತು.

ಅವನಿಗೆ ಬೈಪೋಲಾರ್ ಕಾಯಿಲೆಯಿದೆ. ಉನ್ಮಾದದ ದಿನಗಳಲ್ಲಿ ಅವನ ನೀಲಿ ಕಣ್ಣು ಕಪ್ಪಾಗುತ್ತದೆ ಎಂದು ಬರೆದಿರುವುದು ವೈದ್ಯಶಾಸ್ತ್ರಕ್ಕಿಂತ ಯಕ್ಷಗಾನಕ್ಕೆ ಹತ್ತಿರವಾದದ್ದು; ರಾಕ್ಷಸವೇಷದ ಪ್ರವೇಶಕ್ಕೆ ಚೆಂಡೆಯೊಂದು ಕಡಿಮೆ. ಈ ಕಾಯಿಲೆಯಿರುವವರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿರುವ ನಿದ್ದೆಯಿಲ್ಲದ ರಾತ್ರಿಗಳು, ಬೇಡದ ಖರ್ಚು, ಔಷಧದ ಬೇಸರ ಇವುಗಳಲ್ಲಿ ಒಂದಿಷ್ಟು ಪುಸ್ತಕದಲ್ಲಿ ಬಂದಿವೆ, ಅಷ್ಟರ ಮಟ್ಟಿಗೆ ಸರಿ. ಆದರೆ ನನ್ನನ್ನು ಕಾಡಿದ್ದು ಅದರ ಕೊನೆ. ನಾಯಕಿಯ ತಂಗಿಯನ್ನು ಎದುರಾಳಿಯ ಹಿಡಿತದಿಂದ ಬಿಡಿಸುವ ಸಲುವಾಗಿ ರೆಮಿಂಗ್ಟನ್ ಅಂತಿಮ ಕಾಳಗದಲ್ಲಿ ಬೇಕೆಂದೇ ಏಟು ತಿನ್ನುತ್ತಾನೆ. ಅವಳಿಗೆ ಅದು ಗೊತ್ತಿಲ್ಲ. ಪ್ರೀತಿಸಿದವನು ಕೈ ಇಳಿಬಿಟ್ಟು ನಿಂತು ಮತ್ತೆ ಮತ್ತೆ ಹೊಡೆತ ತಿನ್ನುವುದನ್ನು, ಬಿದ್ದು ಮತ್ತೆ ಏಳುವುದನ್ನು ಅವಳು ಕಾರಣ ತಿಳಿಯದೆ ನೋಡಬೇಕಾಗುತ್ತದೆ. ತ್ಯಾಗವೇನೋ ಹೌದು. ಆದರೆ ಅವಳ ತಂಗಿಯ ಜೀವವನ್ನೂ ತನ್ನ ಜೀವವನ್ನೂ ಒತ್ತೆಯಿಟ್ಟು ಮಾಡಿದ ಒಪ್ಪಂದದಲ್ಲಿ ಅವಳನ್ನು ಒಂದು ಮಾತು ಕೇಳಬೇಕೆಂದು ಅವನಿಗೆ ತೋಚಲೇ ಇಲ್ಲ. ಆ ಅಧ್ಯಾಯವನ್ನು ಎರಡನೆಯ ಸಲ ಓದುವಾಗ ಅಳು ಬರಲಿಲ್ಲ, ಸಿಟ್ಟು ಬಂತು. ಅಳುವೂ ಸಿಟ್ಟೂ ಬರಿಸುವ ಪುಸ್ತಕವನ್ನು ಕಳಪೆಯೆಂದು ತಳ್ಳಿಹಾಕುವುದು ನನ್ನಿಂದಾಗದು.

ಇವೆರಡರ ನಡುವೆ ಲೋರಿ ಫಾಸ್ಟರ್ ಅವರ ಪುಸ್ತಕಗಳು ಬಹಳ ಸಾಧುವಾಗಿ ಕಾಣುತ್ತವೆ. 2005ರ ಏಪ್ರಿಲ್‌ನಲ್ಲಿ ಫಾರೆಸ್ಟ್ ಗ್ರಿಫಿನ್ ಮತ್ತು ಸ್ಟೀಫನ್ ಬಾನರ್ ಕೇಬಲ್ ಟಿವಿಯಲ್ಲಿ ಕಾದಾಡಿದ ಪಂದ್ಯ ಈ ಆಟವನ್ನು ಅಮೆರಿಕದ ಸಾಮಾನ್ಯರ ಮನೆಗಳಿಗೆ ತಲುಪಿಸಿತು. ಎರಡೇ ವರ್ಷದಲ್ಲಿ, 2007ರಲ್ಲಿ, ಫಾಸ್ಟರ್ ತಮ್ಮ ‘ಕಾಸಿಂಗ್ ಹ್ಯಾವಕ್’ ಹೊರತಂದರು. ಹ್ಯಾವಕ್ ಎಂಬುದು ನಾಯಕ ಡೀನ್‌ನ ಅಖಾಡದ ಹೆಸರು. ಬಾಲ್ಯದಲ್ಲಿ ಬೇರ್ಪಟ್ಟ ತಂಗಿಯರನ್ನು ಕಾಣಲು ಅವನು ತನ್ನ ಹುಟ್ಟೂರಿಗೆ ಹಿಂದಿರುಗುತ್ತಾನೆ, ಅಲ್ಲಿ ಈವ್ ಎಂಬವಳು ಸಿಗುತ್ತಾಳೆ. ಕಾಳಗಕ್ಕಿಂತ ಅಣ್ಣತಂಗಿಯರ ಮುಜುಗರವೇ ಹೆಚ್ಚು. ಮಾತು ಹೆಚ್ಚು, ರಕ್ತ ಕಡಿಮೆ. ಹಿಂದೆ ನಮ್ಮೂರಿನ ಬಾಡಿಗೆ ಗ್ರಂಥಾಲಯದಿಂದ ಅಮ್ಮ ತರುತ್ತಿದ್ದ, ಮೂಲೆಗಳು ದುಂಡಗೆ ಸವೆದ ಸಾಂಸಾರಿಕ ಕಾದಂಬರಿಗಳ ನೆನಪು ತರುವ ಬರಹ ಅದು. ಫಾಸ್ಟರ್ ಅವರ ನಾಯಕರು ಪರವಾನಗಿಯುಳ್ಳ ವೃತ್ತಿಪರರು, ತರಬೇತುದಾರರ ಮಾತು ಕೇಳುವವರು, ಬೇರೆಯವರ ಮನೆಯ ಬಾಗಿಲು ಮುರಿಯದವರು. ನನ್ನ ವಾದಕ್ಕೆ ಇದು ಅನುಕೂಲವಾದ ಉದಾಹರಣೆಯೇ ಆದರೂ ಒಂದು ದೂರನ್ನು ಮುಚ್ಚಿಡಲಾರೆ. ಅಲ್ಲಿ ಆಟ ಬಹುಮಟ್ಟಿಗೆ ಪರದೆಯ ಹಿಂದೆ ಉಳಿದುಬಿಡುತ್ತದೆ. ಡೀನ್ ಅಗ್ನಿಶಾಮಕ ದಳದಲ್ಲಿದ್ದಿದ್ದರೂ ಕಥೆ ಹೆಚ್ಚು ಬದಲಾಗುತ್ತಿರಲಿಲ್ಲ.

ಆಟ ಮೈಗೆ ಏನು ಮಾಡುತ್ತದೆ ಎಂಬುದನ್ನು ನಾನು ಕಂಡದ್ದು ನಮ್ಮ ಮನೆಯಲ್ಲಿಯೇ. ನನ್ನ ಅಣ್ಣನ ಮಗ ಹವ್ಯಾಸಿ ಮಟ್ಟದಲ್ಲಿ ಸ್ಪರ್ಧಿಸುತ್ತಾನೆ. ಅವನ ವರ್ಗ ಲೈಟ್‌ವೇಟ್, ಎಂದರೆ 155 ಪೌಂಡ್ ಮೀರುವಂತಿಲ್ಲ, ನಮ್ಮ ಲೆಕ್ಕದಲ್ಲಿ 70.3 ಕಿಲೋ. ಬೆಂಗಳೂರಿನಲ್ಲಿ ಪಂದ್ಯವಿದ್ದುದರಿಂದ ಎರಡು ರಾತ್ರಿ ಮೊದಲು ನಮ್ಮಲ್ಲಿಗೆ ಬಂದ. ಬಚ್ಚಲಿನ ತಕ್ಕಡಿ ಅವನನ್ನು 72.9 ಎಂದಿತು. ಬಾತ್‌ಟಬ್ ಇರುವ ಹೋಟೆಲಿನಲ್ಲಿ ಬಿಸಿನೀರಲ್ಲಿ ಮುಳುಗಿ ಬೆವರಿಳಿಸುವುದು ಅಮೆರಿಕದ ಪದ್ಧತಿ. ನಮ್ಮಲ್ಲಿ ಟಬ್ ಎಲ್ಲಿಂದ ಬರಬೇಕು? ರೈನ್‌ಕೋಟಿನಂಥ ದಿರಿಸು ತೊಟ್ಟು, ಗೀಸರಿನ ನೀರನ್ನು ಎರಡು ಬಕೆಟ್‌ಗಳಿಗೆ ತುಂಬಿ, ಬಚ್ಚಲಿನ ಬಾಗಿಲು ಹಾಕಿಕೊಂಡು ಹಬೆಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತ. ಹೊರಬಂದು ದಿವಾನ್ ಮೇಲೆ ಎರಡು ರಗ್ಗು ಹೊದ್ದು ಮಲಗಿದ. ಒಂದು ತುಂಡು ಐಸ್ ಬಾಯಲ್ಲಿಟ್ಟುಕೊಂಡು, ಕರಗಿದ ನೀರನ್ನು ನುಂಗದೆ ಲೋಟಕ್ಕೆ ಉಗುಳಿದ. ನಾನು ಒಗ್ಗರಣೆ ಹಾಕಿದ ತಿಳಿಸಾರಿನ ವಾಸನೆಗೆ ಅವನ ಗಂಟಲಿನ ಗಡ್ಡೆ ಮೇಲೆ ಕೆಳಗೆ ಆಡಿದ್ದು ಕಂಡು ಒಲೆ ಆರಿಸಿ ಕಿಟಕಿ ತೆರೆದೆ. ಏನಾದರೂ ಹಾಡು ಹಾಕಲೇ ಎಂದದ್ದಕ್ಕೆ, ಅತ್ತೆ, ದಯವಿಟ್ಟು ಮಾತಾಡಿಸಬೇಡ ಎಂದ. ತುಟಿಯ ಮೂಲೆಗಳಲ್ಲಿ ಬಿಳಿಯ ಪದರ ಕಟ್ಟಿತ್ತು. ಬೆಳಗಿನ ಜಾವ ನಾಲ್ಕಕ್ಕೆ ತಾರಸಿಯಲ್ಲಿ ಹಗ್ಗ ಜಿಗಿಯುವ ಸದ್ದು ಕೇಳಿ ಎಚ್ಚರವಾಯಿತು. ತೂಕದ ಹೊತ್ತಿಗೆ 70.2 ಬಂದ.

ಕಾದಂಬರಿಗಳಲ್ಲಿ ಈ ತೂಕದ ದಿನವೆಂಬುದು ನಾಯಕ ಅಂಗಿ ಕಳಚಲು ಒಂದು ನೆಪ. ಅವನು ಹೊಳೆಯುತ್ತಾ ತಕ್ಕಡಿಯ ಮೇಲೆ ನಿಂತು, ಜನರ ನಡುವೆ ನಾಯಕಿಯನ್ನು ಹುಡುಕಿ ಕಣ್ಣು ಹೊಡೆಯುತ್ತಾನೆ. ಹಿಂದಿನ ರಾತ್ರಿ ಇಬ್ಬರೂ ಸ್ಟೇಕ್ ತಿಂದು, ವೈನ್ ಕುಡಿದು, ನಿದ್ದೆಗೆಟ್ಟಿರುತ್ತಾರೆ. ಒಂದು ಲೋಟ ನೀರು ಕುಡಿಯದವನಿಗೆ ಇಷ್ಟೆಲ್ಲ ಉತ್ಸಾಹವೆಲ್ಲಿಯದು? ತೂಕ ಇಳಿಸುವುದು ಈ ಆಟದ ಅತ್ಯಂತ ಅಪಾಯದ ಘಟ್ಟಗಳಲ್ಲಿ ಒಂದು. 2015ರ ಡಿಸೆಂಬರ್‌ನಲ್ಲಿ ಮನಿಲಾದಲ್ಲಿ ಒನ್ ಚಾಂಪಿಯನ್‌ಶಿಪ್ ಸಂಸ್ಥೆಯ ಪಂದ್ಯಕ್ಕಾಗಿ ತೂಕ ಇಳಿಸುತ್ತಿದ್ದ ಚೀನಾದ ಯಾಂಗ್ ಜಿಯಾನ್ ಬಿಂಗ್ ಎಂಬ ಪಟು ಕಾಳಗ ನಡೆಯುವ ಬಲೆಯ ಪಂಜರಕ್ಕೆ ಕಾಲಿಡುವ ಮೊದಲೇ ತೀರಿಕೊಂಡರು. ಆ ಬಳಿಕ ಆ ಸಂಸ್ಥೆ ಮೈಯ ನೀರು ಬತ್ತಿಸಿ ತೂಕ ಇಳಿಸುವುದನ್ನು ನಿಷೇಧಿಸಿತು. ಸಿಡುಕು, ಹಸಿವು, ಭಯ, ಆಸೆಯೇ ಇಲ್ಲದ ಒಂದು ಮೈ, ಅದರ ಪಕ್ಕದಲ್ಲಿ ಏನೂ ಮಾಡಲಾಗದೆ ಕೂತಿರುವ ಪ್ರೀತಿಸಿದ ಹೆಣ್ಣು: ಆಪ್ತತೆಯನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಕೋಣೆ ಒಬ್ಬ ಪ್ರೇಮಕಥೆಗಾರ್ತಿಗೆ ಎಲ್ಲಿ ಸಿಗಬೇಕು? ಅದನ್ನು ಬಿಟ್ಟು ಸ್ಟೇಕ್ ತಿನ್ನಿಸುತ್ತಾರೆ.

ಸಣ್ಣ ಪುಟ್ಟ ಅಪರಾಧಗಳನ್ನು ಬೇಗ ಹೇಳಿಬಿಡುತ್ತೇನೆ. ಯಾವ ನಾಯಕನಿಗೂ ಹೂಕೋಸಿನಂಥ ಕಿವಿ ಇಲ್ಲ. ನೆಲದಲ್ಲಿ ಹೊರಳಾಡುವವರ ಕಿವಿಯಲ್ಲಿ ರಕ್ತ ಕಟ್ಟಿ, ಮೃದ್ವಸ್ಥಿಗೆ ಪೋಷಣೆ ತಪ್ಪಿ, ಅದು ಗಡ್ಡೆಗಟ್ಟಿ ಮುದುಡುವುದು ಈ ಕಸುಬಿನ ಮುದ್ರೆಯೇ ಆಗಿದ್ದರೂ ಲೇಖಕಿಯರು ಮೂಗಿನ ಹಂತದಲ್ಲಿಯೇ ನಿಂತುಬಿಡುತ್ತಾರೆ. ಜಿಮ್‌ನಲ್ಲಿ ಯಾರಿಗೂ ಗಜಕರ್ಣವಾಗುವುದಿಲ್ಲ, ಎಲ್ಲರ ಬೆವರೂ ದೇವದಾರು ಮರದ ಪರಿಮಳ ಬೀರುತ್ತದೆ. ಒಂದು ಸುತ್ತು ಐದು ನಿಮಿಷ, ಸಾಮಾನ್ಯ ಪಂದ್ಯಕ್ಕೆ ಮೂರು ಸುತ್ತು, ಪ್ರಶಸ್ತಿಯ ಪಂದ್ಯಕ್ಕೆ ಐದು ಎಂಬ ಲೆಕ್ಕವನ್ನು ಎಷ್ಟೋ ಪುಸ್ತಕಗಳು ಮರೆತು ಬಾಕ್ಸಿಂಗ್‌ನ ಹನ್ನೆರಡು ಸುತ್ತಿಗೆ ಜಾರುತ್ತವೆ. ಆರಡಿ ನಾಲ್ಕಂಗುಲದ, ಬೆಟ್ಟದಂಥ ಭುಜಗಳ ನಾಯಕನೊಬ್ಬ ವೆಲ್ಟರ್‌ವೇಟ್ ಎಂದು ಓದಿದಾಗ ನಮ್ಮ ಹುಡುಗ ಬಹಳ ಹೊತ್ತು ನಕ್ಕ. ವೆಲ್ಟರ್‌ವೇಟ್ ಎಂದರೆ 170 ಪೌಂಡ್, 77 ಕಿಲೋ ಅಷ್ಟೆ.

ಸಾವಿನ ವಿಷಯವನ್ನು ನೇರವಾಗಿ ಎದುರಿಸಿದ ಪುಸ್ತಕವೆಂದರೆ ವೈ ಕೀಲ್ಯಾಂಡ್ ಅವರ ‘ವರ್ತ್ ದಿ ಫೈಟ್’, ಅದೂ 2013ರದೇ. ನಿಕೋ ಹಂಟರ್ ಚಾಂಪಿಯನ್, ಆದರೆ ಅವನ ಏಟಿನಿಂದ ಪಂಜರದಲ್ಲಿ ಎದುರಾಳಿಯೊಬ್ಬ ಸತ್ತಿದ್ದಾನೆ, ಅಲ್ಲಿಂದ ಅವನು ಕಾದಾಡಿಲ್ಲ. ಎಲ್ ಎಂಬ ನಾಯಕಿ ವಕೀಲೆ. ಈ ಕಲ್ಪನೆಯ ಹಿಂದೆ ವಾಸ್ತವವೂ ಇದೆ: 2007ರ ಅಕ್ಟೋಬರ್‌ನಲ್ಲಿ ಹ್ಯೂಸ್ಟನ್‌ನ ಅಧಿಕೃತ ಪಂದ್ಯವೊಂದರಲ್ಲಿ ಸೋತ ಸ್ಯಾಮ್ ವಾಸ್ಕೆಜ್ ಮಿದುಳಿನ ರಕ್ತಸ್ರಾವದಿಂದ ನವೆಂಬರ್ ಕೊನೆಯಲ್ಲಿ ತೀರಿಕೊಂಡರು. ಎಲ್ಲ ನಿಯಮಗಳಿದ್ದೂ, ಎಲ್ಲರೂ ಒಪ್ಪಿದ್ದೂ ಒಂದು ಸಾವಾದರೆ ಆ ಕೈಗಳನ್ನು ಇಟ್ಟುಕೊಂಡು ಬದುಕುವುದು ಹೇಗೆ ಎಂಬ ಪ್ರಶ್ನೆಯೇ ಈ ಕಾದಂಬರಿಯ ಸತ್ವ. ನಿಕೋ ಮುಟ್ಟಲು ಹಿಂಜರಿಯುವ ಪುಟಗಳಲ್ಲಿ ಅದು ಚೆನ್ನಾಗಿ ಮೂಡಿದೆ; ಆಮೇಲೆ ಹಿಂಜರಿಕೆ ಸ್ವಲ್ಪ ಬೇಗ ಕಳೆದುಹೋಗುತ್ತದೆ, ಪ್ರಕಾರದ ಒತ್ತಡ ಹಾಗಿದೆ. ವಕೀಲೆಯೊಬ್ಬಳು ಕಥೆಯಲ್ಲಿ ಇರುವಾಗ ದುಡ್ಡಿನ ಮಾತು ಇನ್ನಷ್ಟು ಬರಬೇಕಿತ್ತೆಂಬುದು ನನ್ನ ಆಸೆ. ಯುಎಫ್‌ಸಿಯ ಪಟುಗಳು ಸಂಸ್ಥೆಯ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. ಬಂದು ಆಡಿದ್ದಕ್ಕೆ ಇಷ್ಟು, ಗೆದ್ದರೆ ಇನ್ನಷ್ಟು ಎಂಬುದು ಒಪ್ಪಂದ. ಏಕಸ್ವಾಮ್ಯದಿಂದ ತಮ್ಮ ಸಂಭಾವನೆಯನ್ನು ಅದುಮಲಾಗಿದೆಯೆಂದು ಮಾಜಿ ಪಟುಗಳು 2014ರಲ್ಲಿ ಹೂಡಿದ ಮೊಕದ್ದಮೆ ಹತ್ತು ವರ್ಷ ನಡೆದು, 2024ರಲ್ಲಿ 37.5 ಕೋಟಿ ಡಾಲರ್‌ಗಳ ರಾಜಿಗೆ ಬಂತು. ಇತ್ತ ಕಾದಂಬರಿಗಳ ನಾಯಕರೆಲ್ಲರಿಗೂ ನಗರದ ನಡುವೆ ಗಾಜಿನ ಗೋಡೆಯ ಮನೆಗಳು.

ಈ 2013 ಎಂಬ ವರ್ಷವನ್ನು ನಾನು ಮತ್ತೆ ಮತ್ತೆ ಹೇಳುತ್ತಿರುವುದಕ್ಕೆ ಕಾರಣವಿದೆ. ಅದೇ ವರ್ಷ ಫೆಬ್ರವರಿ 23ರಂದು ಆ್ಯನಹೈಮ್‌ನಲ್ಲಿ ಯುಎಫ್‌ಸಿಯ ಪಂಜರದೊಳಗೆ ಮೊದಲ ಬಾರಿಗೆ ಇಬ್ಬರು ಹೆಂಗಸರು ಕಾಲಿಟ್ಟರು. ಲಿಜ್ ಕಾರ್ಮೂಶ್ ಬೆನ್ನೇರಿ ರೊಂಡಾ ರೌಸಿಯ ಕತ್ತನ್ನು ತಿರುಚಿದಾಗ ಆಟ ಅಲ್ಲೇ ಮುಗಿಯಿತೆಂದು ಅನೇಕರು ಎಣಿಸಿದರು. ರೌಸಿ ಹೇಗೋ ಕೊಡವಿಕೊಂಡು, ಮೊದಲ ಸುತ್ತಿಗೆ ಹನ್ನೊಂದು ಸೆಕೆಂಡು ಉಳಿದಿರುವಾಗ ತೋಳಿನ ಪಟ್ಟು ಹಾಕಿ ಕಾರ್ಮೂಶ್ ತಟ್ಟುವಂತೆ ಮಾಡಿದಳು. ಹೆಂಗಸರು ಯುಎಫ್‌ಸಿಯಲ್ಲಿ ಎಂದೂ ಕಾದಾಡುವುದಿಲ್ಲವೆಂದು ಅದರ ಮುಖ್ಯಸ್ಥ ಡೇನಾ ವೈಟ್ 2011ರಲ್ಲಿ ಹೇಳಿದ್ದರು. ಇಷ್ಟೆಲ್ಲ ಆಗುತ್ತಿದ್ದ ಕಾಲದಲ್ಲಿಯೇ, ಹೆಂಗಸರೇ ಬರೆದು ಹೆಂಗಸರೇ ಓದುವ ಈ ಕಾದಂಬರಿಗಳಲ್ಲಿ ಹೆಣ್ಣು ಪಂಜರದ ಹೊರಗೆ, ಮೊದಲ ಸಾಲಿನ ಕುರ್ಚಿಯಲ್ಲಿ, ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. ನಾಯಕಿಯೇ ಪಟುವಾಗಿರುವ ಕಥೆಗಳು ಇಲ್ಲವೆಂದಲ್ಲ, ನನ್ನ ನಲವತ್ತರಲ್ಲಿ ಅವು ನಾಲ್ಕು. ನಾಲ್ಕರಲ್ಲಿಯೂ ಅವಳು ಕೊನೆಗೆ ಗಾಯದ ಕಾರಣದಿಂದಲೋ ಬಸುರಿನ ಕಾರಣದಿಂದಲೋ ಆಟ ಬಿಡುತ್ತಾಳೆ. 2024ರ ಜೂನ್ 8ರಂದು ಲೂಯಿವಿಲ್ ನಗರದಲ್ಲಿ ಪೂಜಾ ತೋಮರ್ ಎಂಬ ಉತ್ತರ ಪ್ರದೇಶದ ಹೆಣ್ಣುಮಗಳು ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದಾಗ ನಾನು ಆ ಪಂದ್ಯವನ್ನು ಅಣ್ಣನ ಮಗನ ಜೊತೆ ನೋಡಿದೆ. ಮೂವರು ತೀರ್ಪುಗಾರರಲ್ಲಿ ಇಬ್ಬರು ಅವಳ ಕಡೆ, ಒಬ್ಬರು ಎದುರಾಳಿಯ ಕಡೆ. ತೀರ್ಪು ಓದುವವರೆಗೆ ಅವಳ ಮುಖದಲ್ಲಿದ್ದ ಆತಂಕವನ್ನು ಯಾವ ನಾಯಕನ ದವಡೆಯ ವರ್ಣನೆಗೂ ಬದಲಾಗಿ ಕೊಡಲಾರೆ.

ಅಣ್ಣನ ಮಗನ ಪಂದ್ಯದ ಫಲಿತಾಂಶ ಹೇಳದೆ ಬಿಟ್ಟೆ. ಎರಡನೆಯ ಸುತ್ತಿನಲ್ಲಿ ಹಿಂದಿನಿಂದ ಕತ್ತು ಹಿಡಿಸಿಕೊಂಡು ಸೋತ. ಮನೆಗೆ ಬಂದು ಮೊಸರನ್ನ ಕಲಸಿಕೊಂಡು ತಿನ್ನುತ್ತಾ, ತಟ್ಟಿದೆ ಅತ್ತೆ ಎಂದ, ಬಸ್ಸು ತಪ್ಪಿತು ಎನ್ನುವ ದನಿಯಲ್ಲಿ. ಹಿಡಿದವನೇ ಅವನನ್ನು ಎಬ್ಬಿಸಿ ಕೂರಿಸಿದನಂತೆ, ಇಬ್ಬರೂ ಈಗ ಒಟ್ಟಿಗೆ ಅಭ್ಯಾಸ ಮಾಡುತ್ತಾರೆ.

ಇವನ್ನೆಲ್ಲ ಕನ್ನಡದಲ್ಲಿ ಯಾರಾದರೂ ಬರೆಯಬಾರದೇ ಎಂದು ನನಗೆ ಆಗಾಗ ಅನಿಸುವುದುಂಟು. ನಮ್ಮಲ್ಲಿ ಮಣ್ಣಿನ ಅಖಾಡಗಳಿವೆ, ಗರಡಿ ಮನೆಗಳಿವೆ, ಆದರೆ ಗೋಡೆಯ ಮೇಲಿನ ಹನುಮಂತನ ಸಮ್ಮುಖದಲ್ಲಿ ಬ್ರಹ್ಮಚರ್ಯದ ವ್ರತ ಹಿಡಿದ ಪೈಲ್ವಾನನನ್ನು ಇಟ್ಟುಕೊಂಡು ಇಪ್ಪತ್ತನೆಯ ಪುಟಕ್ಕೇ ಮುತ್ತು ಕೊಡಿಸುವುದು ಕಷ್ಟ. ಪಂಜರಕ್ಕೆ ಇನ್ನೂ ಹತ್ತಿರದ್ದೆಂದರೆ ವಿಜಯದಶಮಿಯ ಬೆಳಗ್ಗೆ ಮೈಸೂರು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ. ಜಟ್ಟಿಗಳಿಬ್ಬರು ಮುಷ್ಟಿಗೆ ಹಲ್ಲುಗಳುಳ್ಳ ಆಯುಧ ತೊಟ್ಟು ಎದುರಾಗುತ್ತಾರೆ, ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಅಲ್ಲಿ ತಟ್ಟುವ ಬದಲು ರಕ್ತವೇ ಮಾತಾಡುತ್ತದೆ, ಮತ್ತು ಎಲ್ಲರೂ ಆ ಮಾತಿಗೆ ಬೆಲೆ ಕೊಡುತ್ತಾರೆ. ವಂಶಪಾರಂಪರ್ಯದ ಹೊಣೆ, ಒಂದೇ ನಿಮಿಷದೊಳಗೆ ಮುಗಿಯಬಹುದಾದ ಕಾಳಗಕ್ಕಾಗಿ ವಾರಗಟ್ಟಲೆ ತಯಾರಿ, ಮನೆಯಲ್ಲಿ ಕಾಯುವವರು: ಕಾದಂಬರಿಗೆ ಬೇಕಾದದ್ದೆಲ್ಲ ಇದೆ. ತೊಡಕೊಂದೇ, ಜಟ್ಟಿಗಳು ಕಾಳಗಕ್ಕೆ ಮೊದಲು ತಲೆ ಬೋಳಿಸಿಕೊಳ್ಳುತ್ತಾರೆ. ನಾಯಕನ ದಟ್ಟ ಕೂದಲಲ್ಲಿ ನಾಯಕಿ ಬೆರಳಾಡಿಸುವ ಪುಟಗಳಿಲ್ಲದೆ ಈ ಪ್ರಕಾರದ ಪುಸ್ತಕವೊಂದನ್ನು ಮುಗಿಸುವುದು ಹೇಗೆಂಬುದು ನನಗೆ ಇನ್ನೂ ಹೊಳೆದಿಲ್ಲ.